ಕುಲಗೆಟ್ಟ ಮತ

ಕಳೆದ ವಾರ ಬೀದರಿನ ನಮ್ಮ ಶಾಲೆಯಲ್ಲಿ ವರ್ಗಾವಣೆ ಪತ್ರಗಳಿಗೆ ಮೊಹರು ಹಾಕುತ್ತಿದ್ದೆ. ಹೊಸ ಸ್ಟ್ಯಾಂಪ್ ಪ್ಯಾಡಿನ ಮುಚ್ಚಳ ತೆಗೆದ ಕೂಡಲೇ ನೇರಳೆ ಮಸಿಯ ವಾಸನೆ ಮೂಗಿಗೆ ಬಡಿಯಿತು. ಭಾಲ್ಕಿಯ ಆ ಕನ್ನಡ ಮಾಸ್ತರು ನೆನಪಾದರು. ಬೇಡವೆಂದರೂ ಬರುವ ನೆನಪು ಅವರದು...

ನಾನು ಔರಾದ ತಾಲ್ಲೂಕಿನ ಚಿಂತಾಕಿಯವಳು, ದಲಿತ ಬೌದ್ಧರ ಮನೆಯ ಮಗಳು. ಗಣಿತ ಕಲಿಸಲು ಭಾಲ್ಕಿಯ ಶಾಲೆಗೆ ಬಂದಾಗ ಅವರು ಅಲ್ಲಿ ಎಲ್ಲರಿಗಿಂತ ಹಿರಿಯರು. ಬೆಳಗಿನ ಪ್ರಾರ್ಥನೆಯಲ್ಲಿ ಬಸವಣ್ಣನವರ ವಚನ ಹೇಳಿ, ಕುಲ ನೋಡುವುದು ತಪ್ಪೆಂದು ಮಕ್ಕಳಿಗೆ ಬಿಡಿಸಿ ತಿಳಿಸುತ್ತಿದ್ದರು. ಮಕ್ಕಳ ಹಿಂದೆ ನಿಂತು ನಾನೂ ಕೇಳುತ್ತಿದ್ದೆ. ನಂಬಿಯೂ ಇದ್ದೆ.

ನಮ್ಮದೊಂದು ಸಣ್ಣ ಶಿಕ್ಷಕರ ಸಂಘವಿತ್ತು. ಒಂದು ವರ್ಷ ಅದರ ಕಾರ್ಯದರ್ಶಿ ಸ್ಥಾನಕ್ಕೆ ನಾನು ನಿಂತೆ. ಮತ ಎಣಿಸಲು ಕುಳಿತವರು ಅವರೇ. ಒಂದು ಚೀಟಿ ಎತ್ತಿ ಹಿಡಿದು, ನನ್ನ ಮುಖ ನೋಡುತ್ತ, "ಇದು ಕುಲಗೆಟ್ಟದ್ದು" ಎಂದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಇನ್ನೂ ಎರಡು ಚೀಟಿ ಎತ್ತಿದರು, ಅದೇ ಮಾತು.

ಲೆಕ್ಕಕ್ಕೆ ಬಾರದ ಮತಕ್ಕೆ ಪತ್ರಿಕೆಗಳಲ್ಲಿ ಹಾಗೆಯೇ ಬರೆಯುತ್ತಾರೆ, ಗೊತ್ತು. ಆದರೆ ಅಸಿಂಧು ಎಂಬ ಮಾತಿದೆ, ರದ್ದು ಎಂಬುದಿದೆ, ನಮ್ಮ ಕಡೆ ಬಾದ್ ಅಂತಲೂ ಅನ್ನುತ್ತಾರೆ. ಒಂದು ಚೀಟಿ ಲೆಕ್ಕಕ್ಕಿಲ್ಲ ಎನ್ನಲು ಅದರ ಕುಲವೇ ಕೆಡಬೇಕೆ?

"ಸರ್, ಅಸಿಂಧು ಅನ್ರಿ" ಎಂದೆ.

"ಕನ್ನಡ ನನಗ ಕಲಸ್ತೀರೇನ್ರಿ ಮೇಡಂ? ಶಬ್ದದ ಮ್ಯಾಲ ಯಾಕ ಸಿಟ್ಟು?"

ಎರಡು ಮತಗಳಿಂದ ಸೋತೆ. ಆ ಮೂರು ಚೀಟಿ ತೋರಿಸಿರೆಂದು ಕೇಳಿದೆ. ಮೊದಲಿನದರಲ್ಲಿ ಮೊಹರು ನನ್ನ ಹೆಸರಿನ ಮುಂದೆಯೇ ಸ್ಪಷ್ಟವಾಗಿತ್ತು. ಮಡಚಿದಾಗ ಹಸಿ ನೇರಳೆ ಮಸಿ ಎದುರಾಳಿಯ ಹೆಸರಿಗೂ ಮಸುಕಾಗಿ ಅಂಟಿತ್ತು. ಅಂಥದ್ದನ್ನು ಎಣಿಸಬೇಕೆಂದೇ ನಿಯಮ. ಉಳಿದೆರಡನ್ನು ನೋಡುವ ಮೊದಲೇ ಅವರು ಅಂಗೈ ಅಡ್ಡ ಇಟ್ಟರು.

"ನೌಕರಿ ಸಿಕ್ಕದ. ಅಷ್ಟು ಸಾಲದೇನ್ರಿ ನಿಮಗ?"

ಕೋಣೆ ತುಂಬ ಜನ. ಒಬ್ಬೊಬ್ಬರಾಗಿ ಎದ್ದು ಹೊರನಡೆದರು.

ಮರುದಿನ ಫಲಿತಾಂಶದ ಹಾಳೆ ಗೋಡೆಗೆ ಬಂತು: "ಕುಲಗೆಟ್ಟವು, ಮೂರು." ಆ ಮಾತು ಹೊಡೆದು "ಅಸಿಂಧು" ಎಂದು ಬರೆದೆ. ಮಧ್ಯಾಹ್ನದೊಳಗೆ ಹೊಸ ಹಾಳೆ, ಹಳೆಯ ಮಾತು. ಅದನ್ನೂ ಹೊಡೆದೆ. ಅಲ್ಲಿಂದ ಅವರ ನಿವೃತ್ತಿಯವರೆಗೆ ಒಂದೇ ಕೋಣೆಯಲ್ಲಿ ಕೂತೆವು, ಮಾತಿರಲಿಲ್ಲ. ಅವರು ವಚನ ಶುರು ಮಾಡಿದರೆ ನಾನು ಹಾಜರಿ ಪುಸ್ತಕ ಹಿಡಿದು ತರಗತಿಗೆ ಹೋಗಿಬಿಡುತ್ತಿದ್ದೆ.

ವರ್ಷಗಳ ಮೇಲೆ, ಬೀದರ ಬಸ್ ನಿಲ್ದಾಣದಲ್ಲಿ ಎದುರಾದರು. ಕೋಲು ಹಿಡಿದಿದ್ದರು. ಗುರುತು ಹಿಡಿದು ಹತ್ತಿರ ಬಂದರು.

"ಮೇಡಂ, ಅವತ್ತಿನ ಆ ಮೂರೂ ಚೀಟಿ ನಿಮ್ಮವೇ ಇದ್ವುರಿ. ನನಗ ಗೊತ್ತಿತ್ತು."

ನನಗೆ ಕರುಣೆ ಬರಲಿಲ್ಲ. "ಹಂಗಂತ ಬರದು ಕೊಡ್ರಿ. ಇಲ್ಲಾ, ಅವತ್ತ ನಕ್ಕವರ ಮುಂದ ಬಂದು ಹೇಳ್ರಿ."

"ಈಗ ಅದೆಲ್ಲಾ ಯಾಕ್ರಿ... ವಯಸ್ಸಾಯ್ತು" ಎಂದು ಬಸ್ಸಿನತ್ತ ಹೊರಟರು. ಮೆಟ್ಟಿಲು ಹತ್ತಲು ಒದ್ದಾಡಿದರು. ನಾನು ಕೈ ಕೊಡಲಿಲ್ಲ.

ನಿನ್ನೆ ಭಾಲ್ಕಿಯ ಹಳೆಯ ಸಹೋದ್ಯೋಗಿ ಫೋನ್ ಮಾಡಿದ್ದರು. "ಸರ್ ಹೋಗಿಬಿಟ್ರುರಿ. ಐತವಾರ ಸಂತಾಪ ಸಭಾ ಅದ, ಬರ್ತೀರೇನ್ರಿ?"

"ಬರಂಗಿಲ್ಲರಿ" ಎಂದೆ.

ಫೋನ್ ಇಟ್ಟ ಮೇಲೆ ಸಂಕಟವಾಯಿತು. ಸತ್ತವರಿಗಾಗಿ ಅಲ್ಲ. ನಾನು ಗೆದ್ದಿದ್ದೆ ಎಂದು ಬಲ್ಲ ಇನ್ನೊಬ್ಬರು ಇದ್ದರು, ಈಗ ಇಲ್ಲ. ಇನ್ನು ನಾನು ಹೇಳಿದರೆ ಅದು ಬರೀ ಸೋತವಳ ಮಾತು.