ಒಂದೇ ಮಷಿನ್, ಇಪ್ಪತ್ತು ಪತ್ರ

ಆ ವರ್ಷ ಬೆಳಿಗ್ಗೆ ಎದ್ದವನು ಮುಖ ತೊಳೆಯುವ ಮೊದಲು ಫೋನ್ ನೋಡುತ್ತಿದ್ದೆ. ಕ್ರಿಕೆಟ್ ಗೇಮ್ ಬರುತ್ತದೋ ಇಲ್ಲವೋ, ನನಗೆ ಬೇಕಾಗಿದ್ದುದು ಅಷ್ಟೇ ಸುದ್ದಿ.

ಸಿಂಧನೂರಿನ ಬಸ್ ಸ್ಟ್ಯಾಂಡಿನ ಹಿಂದೆ ತಾಸಿನ ಲೆಕ್ಕದಲ್ಲಿ ಟಿವಿ ಗೇಮ್ ಆಡಿಸುವ ನನ್ನದೊಂದು ಅಂಗಡಿ ಇತ್ತು. ಹೊಸ ಕನ್ಸೋಲ್ ಮಷಿನ್ ಬಂದಿದೆ ಎಂದು ಕೇಳಿದ್ದೇ ತಡ, ಇದ್ದ ಎರಡು ಹಳೆಯ ಮಷಿನ್‌ಗಳನ್ನು ಲಿಂಗಸುಗೂರಿನ ಅಂಗಡಿಯೊಂದಕ್ಕೆ ಕೊಟ್ಟು ಅದನ್ನು ತಂದು ಕೂರಿಸಿದೆ. ಹಿಂದೆಮುಂದೆ ನೋಡುವ ಬುದ್ಧಿ ನನಗೆ ಎಂದೂ ಬರಲಿಲ್ಲ. ಮಷಿನ್ ಚೆನ್ನಾಗಿಯೇ ಇತ್ತು. ಆದರೆ ಅದನ್ನು ಮಾಡಿದ ಕಂಪನಿ ತನ್ನವೇ ಎರಡು ಗೇಮ್ ಕೊಟ್ಟು ಸುಮ್ಮನಾಯಿತು: ಒಂದು ಕಾರು ಓಡಿಸುವುದು, ಇನ್ನೊಂದು ರಾಕ್ಷಸರನ್ನು ಹೊಡೆಯುವುದು. ನಮ್ಮವರಿಗೆ ಬೇಕಾದ ಕ್ರಿಕೆಟ್ಟನ್ನು ಮಾಡುವುದು ಹೊರಗಿನ ಬೇರೆ ಕಂಪನಿ. ಮಷಿನ್ ಮಾರಾಟವಾಗುತ್ತಿಲ್ಲ, ಹಾಗಾಗಿ ಅವರು ಕೈ ಹಾಕುತ್ತಿಲ್ಲ ಎಂದು ಫೋನಿನಲ್ಲಿ ಬರುತ್ತಿತ್ತು. ಗೇಮ್ ಇಲ್ಲವೆಂದು ಜನ ಮಷಿನ್ ಕೊಳ್ಳುತ್ತಿರಲಿಲ್ಲ.

ಗಿರಾಕಿಗಳು ದಿನಾ ಬಂದು ಅದೇ ಪ್ರಶ್ನೆ ಕೇಳಿ, ಕಾರನ್ನು ಎರಡು ಸುತ್ತು ಓಡಿಸಿ, ಆಕಳಿಸಿ ಹೋಗುತ್ತಿದ್ದರು. ಹೆಂಡತಿ ಬತ್ತದ ಕೊಯ್ಲಿನವರೆಗೆ ಗಡುವು ಕೊಟ್ಟಿದ್ದಳು. ಅಷ್ಟರೊಳಗೆ ಕ್ರಿಕೆಟ್ ಬರದಿದ್ದರೆ ಅಂಗಡಿ ಮುಚ್ಚಿ ಅವಳ ಅಣ್ಣನ ಅಕ್ಕಿ ಮಿಲ್ಲಿನಲ್ಲಿ ತೂಕದ ಕೆಲಸಕ್ಕೆ ನಿಲ್ಲಬೇಕು. ಆ ಮನುಷ್ಯನ ಕೈಕೆಳಗೆ ದುಡಿಯುವುದೆಂದರೆ ನನಗೆ ಮೈಯೆಲ್ಲ ಉರಿ.

"ಕಂಪ್ನಿಯವ್ರು ಬರ್ಲಿ ಅಂತ ಮಂದಿ ಕುಂತಾರ, ಮಂದಿ ಬರ್ಲಿ ಅಂತ ಅವರು ಕುಂತಾರ. ಮೊದ್ಲು ಏಳೋರು ಯಾರ್ರೀ?" ಎಂದು ಅವಳು ಕೇಳಿದಳು. ನಾನು ಚಪ್ಪಲಿ ಮೆಟ್ಟಿ ಹೊರಬಿದ್ದೆ.

ಉತ್ತರ ಸಿಕ್ಕಿದ್ದು ಮಸ್ಕಿಗೆ ಟಂಟಂ ಆಟೋ ಓಡಿಸುವ ಗಿರಾಕಿಯೊಬ್ಬನಿಂದ. ನಮ್ಮ ಕಡೆ ಖಾಲಿ ಟಂಟಂ ಯಾರೂ ಹತ್ತುವುದಿಲ್ಲ. ತುಂಬುವ ತನಕ ಅದು ಬಿಡುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಅದಕ್ಕೇ ಅವನು ನಾಲ್ಕು ಪರಿಚಯದವರನ್ನು ಪ್ರಯಾಣಿಕರ ಹಾಗೆ ಕೂರಿಸುತ್ತಿದ್ದ. ಅವರನ್ನು ನೋಡಿ ನಿಜವಾದವರು ಹತ್ತುತ್ತಿದ್ದರು, ಆಮೇಲೆ ಮೊದಲಿನವರು ಬೀಡಿ ಸೇದುವ ನೆವದಲ್ಲಿ ಇಳಿದುಬಿಡುತ್ತಿದ್ದರು.

"ಅಣ್ಣಾರ, ಮೊದ್ಲು ನಾಕ್ ಮಂದೀನ ಕುಂದ್ರಸ್ರಿ. ಹಿಂದಿಂದ ಕಂಪ್ನಿಯವ್ರ ಬರ್ತಾರ," ಎಂದ.

ಮರುದಿನವೇ ಇಪ್ಪತ್ತು ಗಿರಾಕಿಗಳನ್ನು ಸೇರಿಸಿ, ಚಹಾ ಕುಡಿಸಿ, ಒಬ್ಬೊಬ್ಬರ ಫೋನಿನಿಂದಲೂ ಕ್ರಿಕೆಟ್ ಕಂಪನಿಗೆ ಪತ್ರ ಹಾಕಿಸಿದೆ: ನನ್ನ ಮನೆಯಲ್ಲಿ ಈ ಮಷಿನ್ ಇದೆ, ನಿಮ್ಮ ಗೇಮಿಗೆ ಕಾಯುತ್ತಿದ್ದೇನೆ. ವಾರದಲ್ಲಿ ಎಲ್ಲರಿಗೂ ಉತ್ತರ ಬಂತು. ಸಂತೋಷವಾಯಿತು, ನಿಮ್ಮ ಮಷಿನ್ನಿನ ಅಡಿಯಲ್ಲಿರುವ ನಂಬರಿನ ಫೋಟೊ ಕಳಿಸಿ ಎಂದಿದ್ದರು. ಹುಮ್ಮಸ್ಸಿನಲ್ಲಿ ಯಾರೂ ಯೋಚಿಸಲಿಲ್ಲ, ನಾನಂತೂ ಇಲ್ಲವೇ ಇಲ್ಲ. ಇದ್ದ ಒಂದೇ ಮಷಿನ್ನನ್ನು ಬೋರಲು ಹಾಕಿ, ಇಪ್ಪತ್ತು ಜನ ಸಾಲಾಗಿ ನಿಂತು ಫೋಟೊ ತೆಗೆದು ಕಳಿಸಿದರು.

ಮನೆಗೆ ಹೋಗಿ ಹೆಂಡತಿಗೆ ಇದನ್ನೆಲ್ಲ ಹೇಳುತ್ತಿದ್ದಾಗ ನನ್ನ ಮಾತು ಅರ್ಧಕ್ಕೇ ನಿಂತಿತು. ಇಪ್ಪತ್ತು ಫೋಟೊಗಳಲ್ಲೂ ಹೋಗಿದ್ದುದು ಒಂದೇ ನಂಬರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆಮೇಲೆ ಅನ್ನ ಸೇರಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ, ಒಂದು ದಿನ ಕಾರಣವೇ ಇಲ್ಲದೆ ಬಸ್ ಹತ್ತಿ ಮಸ್ಕಿಗೆ ಹೋಗಿ ಬಂದೆ. ಕೊನೆಗೆ ಕ್ರಿಕೆಟ್ ಕಂಪನಿಗೆ ನಾನೇ ನಿಜ ಬರೆದೆ: ಮಷಿನ್ ಒಂದೇ, ಅಂಗಡಿ ನನ್ನದು, ಇವರೆಲ್ಲ ನನ್ನ ಗಿರಾಕಿಗಳು, ತಪ್ಪೂ ನನ್ನದೇ.

ಗದ್ದೆಗಳಿಗೆ ಕೊಯ್ಲಿನ ಯಂತ್ರಗಳು ಇಳಿದ ವಾರ ಉತ್ತರ ಬಂತು. ಬೈದಿರಲಿಲ್ಲ. ಬರೆದವರು ಯಾರೋ ಒಳ್ಳೆಯವರಿರಬೇಕು. ನಿಮ್ಮ ಪತ್ರಗಳನ್ನು ನಾವೆಲ್ಲ ಓದಿದೆವು, ಈ ಮಷಿನ್ನಿಗೆ ನಮ್ಮ ಗೇಮ್ ಬೇಕೆಂದು ಇಲ್ಲಿಯವರೆಗೆ ಕೇಳಿದವರು ನೀವಷ್ಟೇ, ಎಂದಿತ್ತು.

ಅಂಗಡಿಯಲ್ಲಿ ಅದನ್ನು ಓದಿ ಹೇಳಿದೆ. ಗಿರಾಕಿಗಳು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ನಾವೇ ಮುಂದೆ ಎಂದು ಟಂಟಂನವನು ಎದೆ ಉಬ್ಬಿಸಿದ. ನಾನೂ ನಕ್ಕೆ. ಸುಳ್ಳು ಪತ್ರಗಳನ್ನು ತೆಗೆದರೆ ಉಳಿಯುವುದು ನಾನೊಬ್ಬನೇ, ಒಬ್ಬನಿಗಾಗಿ ಯಾರೂ ಗೇಮ್ ಮಾಡುವುದಿಲ್ಲ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದೆ. ಹೆಂಡತಿ ರೊಟ್ಟಿ ಬಡಿಸಿದಳು.

"ನಿಮ್ಮಣ್ಣಗ ಫೋನ್ ಹಚ್ಚು," ಎಂದೆ. "ನಾಳಿಂದ ಬರ್ತೀನಂತ ಹೇಳು."