ಗುಡ್ಡದ ಬುಡದ ಗರಸು

ಬೆಂಗಳೂರಿನ ರೈಲು ನನ್ನನ್ನು ಯಾದಗಿರಿಯಲ್ಲಿ ಇಳಿಸಿದಾಗ ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಮಾರ್ಚ್ ತಿಂಗಳು ಅರ್ಧವೂ ಕಳೆದಿರಲಿಲ್ಲ, ಆದರೂ ನಿಲ್ದಾಣದ ಕಲ್ಲುಬೆಂಚು ಹಿಂದಿನ ದಿನದ ಕಾವನ್ನು ಹಿಡಿದುಕೊಂಡೇ ಇತ್ತು. ಹೊರಗೆ ಚುರುಮುರಿ ಒಗ್ಗರಣೆಯನ್ನೂ ಬಿಸಿ ಮಿರ್ಚಿಯನ್ನೂ ತಿಂದು ಶಹಾಪುರದ ಬಸ್ಸು ಹತ್ತಿದೆ. ಉಚಿತ ಟಿಕೆಟ್ಟಿಗೆಂದು ತೋರಿಸಿದ ಆಧಾರ್ ನೋಡಿದ ಕಂಡಕ್ಟರ್ ನನ್ನ ಊರು ತುಮಕೂರೆಂದು ತಿಳಿದು, ಈ ಬಿಸಿಲಿನಲ್ಲಿ ಇಲ್ಲಿಗೇನು ಕೆಲಸ ಎಂದು ಕೇಳಿದ. ಗುಡ್ಡ ನೋಡಲು ಬಂದೆ ಎಂದೆ. ಹಾಗಾದರೆ ಬಲಗಡೆ ಕಿಟಕಿಗೆ ಕೂತುಕೊಳ್ಳಿ ಎಂದು ಜಾಗ ಮಾಡಿಸಿಕೊಟ್ಟ.

ನಾನು ನೋಡಲು ಬಂದದ್ದು ಅವನು ಅಂದುಕೊಂಡ ಗುಡ್ಡವಲ್ಲ. ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುವವಳು ನಾನು. ನನ್ನ ಜೊತೆ ಓದಿದ ಸುಜಾತಾ ಶಹಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಹಿಂದಿನ ವಾರ ಅವಳು ಫೋನ್ ಮಾಡಿದ್ದಳು. “ನಮ್ಮ ತವರೂರಾಗ ಗುಡ್ಡದ ಬುಡ ಅಗೆಯಾಕತ್ತಾರ. ನಾ ಹೇಳಿದ್ರ, ಊರಿನ ಹುಡುಗಿ, ಈಕಿಗೇನು ಗೊತ್ತು ಅಂತಾರ. ನೀ ಬಂದು ಒಂದ್ಸಲ ಹೇಳು,” ಎಂದಿದ್ದಳು. ಅಷ್ಟಕ್ಕೇ ರಜೆ ಹಾಕಿ ಹೊರಟಿದ್ದೆ.

ಭೀಮಾ ನದಿಯ ಸೇತುವೆ ದಾಟುವಾಗ ನೀರಿಗಿಂತ ಬಂಡೆಯೇ ಹೆಚ್ಚು ಕಂಡಿತು. ಆಮೇಲೆ ಹತ್ತಿ ಬಿಡಿಸಿ ಮುಗಿದ ಕರಿನೆಲ. ಸುಮಾರು ಒಂದು ತಾಸಿನ ದಾರಿ ಮುಗಿಯುವ ಹೊತ್ತಿಗೆ ಶಹಾಪುರದ ಗುಡ್ಡಸಾಲು ಎದ್ದಿತು. ಮಲಗಿದ ಬುದ್ಧನ ಹಾಗೆ ಕಾಣುವ ಆ ಬೆಟ್ಟವನ್ನು ಕಂಡಕೂಡಲೇ ಬಸ್ಸಿನಲ್ಲಿದ್ದವರು ಮಾತು ನಿಲ್ಲಿಸಿ ನೋಡಿದರು. ಹಣೆ, ಮೂಗು, ಗದ್ದ, ಎದೆ ಎಲ್ಲವೂ ಗ್ರಾನೈಟು. ಮುಂದಿನ ಸೀಟಿನ ಹೆಂಗಸೊಬ್ಬರು ಕೈಮುಗಿದರು. ಸುಜಾತಾಳ ಮನೆಯವರು ಬೌದ್ಧರು. ಆ ದಿನ ಸಂಜೆ ಅವಳೇ ನನ್ನನ್ನು ಕರೆದುಕೊಂಡು ಹೋಗಿ ಅದನ್ನು ಹತ್ತಿರದಿಂದ ತೋರಿಸಿದಳು. “ಇದಕ್ಕ ಮಾರಿ ಅದ, ಅದಕ್ಕ ಎಲ್ಲರೂ ನೋಡ್ತಾರ. ನಮ್ಮೂರ ಗುಡ್ಡಕ್ಕ ಮಾರೀನೇ ಇಲ್ಲ,” ಎಂದಳು.

ಮರುದಿನ ಬೆಳಿಗ್ಗೆ ಅವಳ ಸ್ಕೂಟರಿನಲ್ಲಿ ಸುರಪುರದ ಕಡೆ ಹೊರಟೆವು. ಊರಿನ ಹೆಸರು ಬರೆಯಬೇಡಿ ಎಂದು ಅಲ್ಲಿಯವರು ಕೇಳಿಕೊಂಡದ್ದರಿಂದ ಬರೆಯುತ್ತಿಲ್ಲ. ದಾರಿಯುದ್ದಕ್ಕೂ ಕಾಲುವೆಯ ಕೆಳಗೆ ಹಸಿರು ಭತ್ತ, ಮೇಲೆ ಒಣನೆಲ. ಸುಜಾತಾಳ ತವರೂರು ಕಾಲುವೆಗಿಂತ ಎತ್ತರದಲ್ಲಿದೆ, ಹಾಗಾಗಿ ಅದರ ನೀರು ಆ ಊರಿಗೆ ಏರುವುದಿಲ್ಲ. ಅಲ್ಲಿಯವರು ಎಂದಿನಿಂದಲೂ ಗುಡ್ಡದ ಬುಡದ ಎರಡು ಬಾವಿಗಳ ನೀರು ಕುಡಿದೇ ಬದುಕಿದವರು.

ಆ ಗುಡ್ಡ ಹೇಗೆ ನೀರು ಕೊಡುತ್ತದೆ ಎಂಬುದನ್ನು ಇಲ್ಲಿ ಹೇಳದಿದ್ದರೆ ನನ್ನ ಸಿಟ್ಟು ಅರ್ಥವಾಗುವುದಿಲ್ಲ. ಗ್ರಾನೈಟು ಗಟ್ಟಿ ಕಲ್ಲು, ನೀರು ಕುಡಿಯುವುದಿಲ್ಲ. ಆದರೆ ಅದರ ಬಿರುಕುಗಳಲ್ಲಿ ಮಳೆನೀರು ಇಳಿದು ಇಳಿದು, ಲಕ್ಷಾಂತರ ವರ್ಷ ಕಲ್ಲು ಒಳಗೊಳಗೇ ಕೊಳೆತು ಪುಡಿಯಾಗುತ್ತದೆ. ಕೊಳೆಯದೆ ಉಳಿದದ್ದು ನಾವು ನೋಡುವ ಗುಂಡುಬಂಡೆ. ಕೊಳೆತದ್ದು ಗರಸು. ಒಂದಾಳು, ಎರಡಾಳು ಆಳದ ಆ ಗರಸಿನ ಹೊದಿಕೆಯೇ ಮಳೆಯನ್ನು ಹಿಡಿದಿಟ್ಟು ಬಾವಿಗೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಅದನ್ನು ಕೆರೆದು ತೆಗೆದರೆ ಉಳಿಯುವುದು ಬೋಳು ಕಲ್ಲು. ಆಗ ಜನ ಬೋರ್ ಕೊರೆಸುತ್ತಾರೆ. ಆಳದ ಬಿರುಕಿನಲ್ಲಿ ಕಲ್ಲಿನ ಜೊತೆ ಬಹುಕಾಲ ನಿಂತ ನೀರು ಆ ಕಲ್ಲಿನಿಂದಲೇ ಫ್ಲೋರೈಡನ್ನು ಬಿಡಿಸಿಕೊಂಡು ಬಂದಿರುತ್ತದೆ. ಅದನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿಗೆ ಕಂದು ಕಲೆ ಹತ್ತುತ್ತದೆ. ಇದೆಲ್ಲ ಹೊಸ ಸಂಶೋಧನೆಯಲ್ಲ. ನನ್ನ ಮೊದಲ ವರ್ಷದ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆಯುವ ಉತ್ತರ.

ಆ ಊರಿನಲ್ಲಿ ಇದು ಅಕ್ಷರಶಃ ನಡೆದಿತ್ತು. ಗುಡ್ಡದ ಬಡಗಣ ಬುಡದ ಗರಸು ಹತ್ತು ಹನ್ನೆರಡು ವರ್ಷಗಳ ಹಿಂದೆ ಒಂದು ರಸ್ತೆಗೆ ಹೋಯಿತು. ಮರುಬೇಸಿಗೆಗೆ ಆ ಕಡೆಯ ಬಾವಿ ಬತ್ತಿತು. ಬೋರ್ ಬಂತು, ನಳ ಬಂತು, ಒಂದೇ ಬಾವಿ ಸಾಲದೆ ಜನ ಆ ನೀರನ್ನೂ ಕುಡಿದರು. ಈಗ ಇನ್ನೊಂದು ರಸ್ತೆಗೆಂದು ತೆಂಕಣ ಬುಡವನ್ನೂ ತೆಗೆಯಲು ಪರವಾನಗಿ ಸಿಕ್ಕಿತ್ತು. ಉಳಿದಿದ್ದ ಒಂದೇ ಸಿಹಿನೀರಿನ ಬಾವಿ ಇರುವುದು ಅಲ್ಲಿ.

ನಾವು ಮೊದಲು ಹೋದದ್ದು ಶರಣಮ್ಮನ ಮನೆಗೆ. ಆ ಬಾವಿಯ ಪಕ್ಕದ ಹೊಲ ಅವರದು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇಟ್ಟು ಬಡಿಸುತ್ತಲೇ ಊರಿನ ಕಥೆ ಹೇಳಿದರು. ಅವರ ಮಗ ಬಸವರಾಜನ ಟ್ರ್ಯಾಕ್ಟರೇ ಗರಸು ಹೊರುತ್ತಿದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಅದು ನನಗೆ ಸುಜಾತಾಳಿಂದ ಗೊತ್ತಾಗಿತ್ತು. ಮೊಮ್ಮಗಳು ನೀರು ತಂದುಕೊಟ್ಟಳು. ಏನು ಓದುತ್ತೀ ಎಂದು ಕೇಳಿದ್ದಕ್ಕೆ ನಕ್ಕಳು, ನಗುವಾಗ ಬಾಯಿಗೆ ಅಂಗೈ ಅಡ್ಡ ಹಿಡಿದಳು. ಬೆರಳ ಸಂದಿಯಲ್ಲಿ ಹಲ್ಲುಗಳ ಮೇಲಿನ ಕಂದು ಗೆರೆಗಳು ಕಂಡವು. ನಳದ ನೀರು ಬಂದ ವರ್ಷವೇ ಹುಟ್ಟಿದವಳು.

ಊಟವಾದ ಮೇಲೆ ಶರಣಮ್ಮನನ್ನೂ ಕರೆದುಕೊಂಡು ಗರಸು ತೆಗೆಯುತ್ತಿದ್ದ ಗುಂಡಿಯ ಹತ್ತಿರ ಹೋದೆವು. ಜೆಸಿಬಿ ತೆಂಕಣ ಇಳಿಜಾರಿನ ಒಂದು ಮೂಲೆಯನ್ನು ಆಗಲೇ ಬಂಡೆ ಕಾಣುವವರೆಗೆ ಕೆರೆದಿತ್ತು. ಬಸವರಾಜ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಲೋಡಿಗೆ ಕಾಯುತ್ತಿದ್ದ. ತಾಯಿಯನ್ನು ಕಂಡು ಮುಖ ತಿರುಗಿಸಿದ. ಕಂಟ್ರಾಕ್ಟರ್ ಕಡೆಯ ಮೇಲ್ವಿಚಾರಕ ಛತ್ರಿಯ ಕೆಳಗಿನಿಂದ ಎದ್ದು ಬಂದು ನಾವು ಯಾರೆಂದು ವಿಚಾರಿಸಿದ. ನಾನು ಹೇಳಬೇಕಾದದ್ದನ್ನು ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ.

“ನಿಮ್ಮ ತುಮಕೂರಾಗ ರೋಡ್ ಮಾಡುವಾಗ ಗರಸು ಮ್ಯಾಲಿಂದ ಬಿತ್ತೇನ್ರಿ?” ಎಂದ.

ಅಲ್ಲಿ ಸೇರಿದ್ದ ಕೆಲವರು ನಕ್ಕರು. ರಸ್ತೆ ಅವರಿಗೂ ಬೇಕಿತ್ತು. ಸುರಪುರದ ದವಾಖಾನೆಗೆ ಹೋಗಲು ಮಳೆಗಾಲದಲ್ಲಿ ದಾರಿಯೇ ಇರುತ್ತಿರಲಿಲ್ಲವಂತೆ. ಮಾತಿನಿಂದ ಆಗುವುದಿಲ್ಲ ಎಂದು ತಿಳಿದು ನಾನು ಎರಡು ಕೊಡ ನೀರು ಕೇಳಿದೆ. ಬಾವಿಯಿಂದ ಬರುತ್ತಿದ್ದ ಹೆಂಗಸರು ನನ್ನನ್ನು ಹುಚ್ಚಿಯಂತೆ ನೋಡಿದರು. ಕುಡಿಯುವ ನೀರನ್ನು ನೆಲಕ್ಕೆ ಸುರಿಯಲು ಯಾರು ಕೊಡುತ್ತಾರೆ? ಕೊನೆಗೆ ಶರಣಮ್ಮ ಅವರಲ್ಲಿದ್ದ ತಮ್ಮ ಸೊಸೆಯ ತಲೆಯ ಮೇಲಿನ ಕೊಡವನ್ನೂ, ಇನ್ನೊಬ್ಬಳ ಕಂಕುಳಿನ ಕೊಡವನ್ನೂ ತಾವೇ ಇಳಿಸಿ ತಂದರು.

ಒಂದು ಕೊಡವನ್ನು ಅಗೆಯದೆ ಉಳಿದ ಗರಸಿನ ನೆಲದ ಮೇಲೆ ನಿಧಾನವಾಗಿ ಬಗ್ಗಿಸಿದರು. ನೆಲ ಒಂದೆರಡು ಸಲ ಬುಳುಬುಳು ಎಂದು ಅಷ್ಟನ್ನೂ ಕುಡಿದುಬಿಟ್ಟಿತು. ಒದ್ದೆ ಮಾತ್ರ ಉಳಿಯಿತು. ಇನ್ನೊಂದನ್ನು ಕೆರೆದ ಬಂಡೆಯ ಮೇಲೆ ಬಗ್ಗಿಸಿದರು. ಆ ನೀರು ಒಂದು ಹನಿಯೂ ಇಂಗದೆ ಇಳಿಜಾರಿಗೆ ಹರಿದು, ಬಸವರಾಜನ ಟ್ರ್ಯಾಕ್ಟರಿನ ಗಾಲಿ ಸುತ್ತಿಕೊಂಡು, ದಾರಿಯ ದೂಳಿನಲ್ಲಿ ಕೆಸರಾಯಿತು.

ಶರಣಮ್ಮ ಖಾಲಿ ಕೊಡ ಹಿಡಿದು ಮಗನನ್ನು ನೋಡಿದರು. “ಇದ್ರಾಗ ನಿನ್ನ ಪಾಲೂ ಅದ,” ಎಂದರು, ಅಷ್ಟೆ.

ಬಸವರಾಜ ಖಾಲಿ ಟ್ರ್ಯಾಲಿ ಹೊಡೆದುಕೊಂಡು ಹೋದ. ಜೆಸಿಬಿ ಮಾತ್ರ ನಿಲ್ಲಲಿಲ್ಲ, ಬೇರೆ ಟ್ರ್ಯಾಕ್ಟರುಗಳು ಬಂದವು.

ಮೂರನೆಯ ದಿನ ಪರವಾನಗಿ ಕೊಟ್ಟಿದ್ದ ಸುರಪುರದ ಕಚೇರಿಗೆ ಹೋದೆವು. ಹಳೆಯ ಕೋಟೆಯ ಊರು, ಗುಡ್ಡಗಳ ನಡುವೆಯೇ ಹಬ್ಬಿದೆ. ಕಚೇರಿಯ ಬಾಗಿಲಲ್ಲಿ ಬಸವರಾಜ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದ. ನಾನು ಅವನನ್ನು ನಿರೀಕ್ಷಿಸಿರಲಿಲ್ಲ. ಬೆಳಗಿನಿಂದ ಕಾದಿದ್ದಾನೆಂದು ಜವಾನ ಹೇಳಿದ.

ಒಳಗಿದ್ದ ಅಧಿಕಾರಿ ಇನ್ನೂ ಚಿಕ್ಕ ವಯಸ್ಸಿನವರು, ಒರಟರಲ್ಲ. ಬಸವರಾಜನೂ ಸೇರಿ ಮೂವರನ್ನೂ ಕೂರಿಸಿ ಚಹಾ ತರಿಸಿದರು. ಪರವಾನಗಿ ಕೊಡುವಾಗ ಆ ಇಳಿಜಾರನ್ನು ‘ನಿರುಪಯುಕ್ತ ಭೂಮಿ’ ಎಂದು ಬರೆಯಲಾಗಿತ್ತು. ಉಳುಮೆಯಿಲ್ಲ, ಮರವಿಲ್ಲ, ಮನೆಯಿಲ್ಲ, ಹಾಗಾಗಿ ನಿರುಪಯುಕ್ತ. ಊರಿಗೆ ಊರೇ ಕುಡಿಯುವ ನೀರಿನ ತೊಟ್ಟಿಗೆ ಈ ಹೆಸರು! ಕೆಳಗೆ ಏನಿದೆ ಎಂದು ಭೂವಿಜ್ಞಾನ ಬಲ್ಲ ಒಬ್ಬರನ್ನಾದರೂ ಕೇಳಿದ್ದಿರಾ ಎಂದೆ. ಗಣಿ ಆಗಿದ್ದರೆ ಕೇಳುತ್ತಿದ್ದೆವು, ಇದು ಬರೀ ಮಣ್ಣು ಎಂದರು. ನನ್ನ ದನಿ ಏರಿತು. ಸುಜಾತಾ ಮೇಜಿನ ಕೆಳಗೆ ನನ್ನ ಕೈ ಹಿಡಿದಳು. ರಸ್ತೆ ಬೇಡ ಎನ್ನುತ್ತಿಲ್ಲ, ಶಹಾಪುರದ ದಾರಿಯ ಕ್ರಷರುಗಳ ಪಕ್ಕದಲ್ಲಿ ಕಲ್ಲಿನ ಚೂರು ಗುಡ್ಡೆಗುಡ್ಡೆಯಾಗಿ ಬಿದ್ದಿದೆ, ಪರೀಕ್ಷೆ ಮಾಡಿಸಿ ಅದನ್ನು ತುಂಬಿ ಎಂದೆ. ಅದಕ್ಕೆ ಅಂದಾಜುಪಟ್ಟಿಯನ್ನೇ ಬದಲಿಸಬೇಕಾಗುತ್ತದೆ ಎಂದು ಅವರು ನಿಟ್ಟುಸಿರು ಬಿಟ್ಟರು.

ಆಗ ಬಸವರಾಜ ಎದ್ದು ನಿಂತ.

“ಸಾಹೇಬ್ರ, ಮೊದಲಿನ ಬಾವಿ ಗರಸು ಹೊತ್ತಾಂವ ನಾನೇ ರೀ. ಟ್ರ್ಯಾಕ್ಟರ್ ಹೊಸಾದಿತ್ತು, ಖುಷೀಲೆ ಹೊತ್ತೆ. ಈಗ ನನ್ನ ಮಗಳು ಬಾಯಿ ಮುಚ್ಚಿ ನಗ್ತಾಳ್ರಿ. ಈ ಬಾವೀದೂ ನಾನೇ ಹೊರಬೇಕೇನ್ರಿ?”

ಅಧಿಕಾರಿ ಫೋನೆತ್ತಿದರು. ಅಂತರ್ಜಲದವರು ಬಂದು ನೋಡುವವರೆಗೆ ತೆಂಕಣ ಬುಡದಲ್ಲಿ ಅಗೆಯಬಾರದು ಎಂದು ನಮ್ಮೆದುರೇ ಹೇಳಿದರು. ಸಂಜೆ ಜೆಸಿಬಿ ಊರು ಬಿಟ್ಟಿತೆಂದು ಶರಣಮ್ಮ ಸುಜಾತಾಳಿಗೆ ಫೋನಿನಲ್ಲಿ ತಿಳಿಸಿದರು.

ಗೆದ್ದೆವು ಎನ್ನುವಂತೆ ಸುಜಾತಾ ನನ್ನನ್ನು ಬೋನಾಳದ ಕೆರೆಗೆ ಕರೆದೊಯ್ದಳು. ಚಳಿಗಾಲದ ಹಕ್ಕಿಗಳಲ್ಲಿ ಬಹಳಷ್ಟು ಹೊರಟುಹೋಗಿದ್ದವು. ಉಳಿದ ಕೊಕ್ಕರೆಗಳು ಕಡಿಮೆಯಾದ ನೀರಿನ ಅಂಚಿನಲ್ಲಿ ನಿಂತಿದ್ದವು. ಪಕ್ಷಿಧಾಮದ ಫಲಕ ಓದುತ್ತಾ ನನಗೆ ಮತ್ತೆ ಸಿಟ್ಟೇ ಬಂತು. ಹಕ್ಕಿ ಕಂಡರೆ ಫಲಕ ಹಾಕುತ್ತೇವೆ, ಮುಖ ಕಂಡರೆ ಬೆಟ್ಟಕ್ಕೆ ಕೈಮುಗಿಯುತ್ತೇವೆ. ಕೆರೆಗೂ ಬಾವಿಗೂ ನೀರು ಇಳಿಸುವ ನೆಲಕ್ಕೆ ಹೆಸರೂ ಇಲ್ಲ, ರಕ್ಷಣೆಯೂ ಇಲ್ಲ. ಯಾವ ನೆಲ ನೀರು ಹಿಡಿಯುತ್ತದೆ, ಯಾವುದು ಹಿಡಿಯುವುದಿಲ್ಲ ಎಂದು ತೋರಿಸುವ ನಕ್ಷೆಗಳನ್ನು ಮಾಡಲು ಬಲ್ಲವರಿದ್ದಾರೆ. ಅವರನ್ನು ಕರೆಯುವುದು ಬಾವಿ ಬತ್ತಿದ ಮೇಲೆ, ಬೋರ್ ಎಲ್ಲಿ ಕೊರೆಯೋಣ ಎಂದು ಕೇಳಲು.

ರಾತ್ರಿ ಸುರಪುರದಲ್ಲೇ ಉಳಿದು, ಮರುದಿನ ಸ್ಕೂಟರಿನಲ್ಲಿ ಶಹಾಪುರಕ್ಕೆ ಮರಳುವಾಗ ಆ ಊರನ್ನು ಹಾದೇ ಬಂದೆವು. ಗುಂಡಿಯಲ್ಲಿ ಯಾರೂ ಇರಲಿಲ್ಲ. ಗಾಲಿಯ ಗುರುತುಗಳು ಹಾಗೇ ಇದ್ದವು, ಕೆರೆದ ಬಂಡೆ ಬಿಸಿಲಿಗೆ ಬಿಳಿಚಿಕೊಂಡಿತ್ತು. ಅಗೆಯುವುದು ಒಂದು ಫೋನಿಗೆ ನಿಂತಿತು, ಇನ್ನೊಂದು ಫೋನಿಗೆ ಮತ್ತೆ ಶುರುವಾಗಬಹುದು. ಆದರೆ ತೆಗೆದ ಗರಸನ್ನು ಯಾವ ಆದೇಶವೂ ಹಿಂದಕ್ಕೆ ತರಲಾರದು. ಅಂಗೈಯಷ್ಟು ಆಳ ಕಲ್ಲು ಕೊಳೆತು ಮತ್ತೆ ನೀರು ಕುಡಿಯುವಂತಾಗಲು ಎಷ್ಟು ಮಳೆಗಾಲ ಬೇಕೆಂದು ನನಗೆ ಗೊತ್ತು. ಅಷ್ಟು ಕಾಲ ಆ ಊರಿನ ಯಾವ ಮಗುವಿಗೂ ಇಲ್ಲ.