ಕದ್ದರೇ ಹಬ್ಬುವ ಬಳ್ಳಿ

ಆಗ ನನಗೆ ಐವತ್ತೆರಡು. ಅದಾಗಿ ಇಪ್ಪತ್ತೈದು ವರ್ಷ ಆಗಿರಬೇಕು. ಪುಣೆಯ ಕೋಥ್ರೂಡಿನ ಒಂದು ಕಟ್ಟಡದಲ್ಲಿ ನಾಲ್ಕು ಮನೆಗಳ ಪಾತ್ರೆ ತೊಳೆದು ನೆಲ ಒರೆಸುವ ಕೆಲಸ ನನ್ನ ಪಾಲಿಗಿತ್ತು. ಅದರಲ್ಲಿ ಒಂದು ಮನೆಯವರು ಹುಬ್ಬಳ್ಳಿ ಕಡೆಯವರು. ಆ ಮನೆಯಾಕೆಯನ್ನು ನಾನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದೆ; ಕೆಲಸದವಳಾದ ನನ್ನನ್ನು ಆಕೆ ಅಲ್ಲಿಯ ರೂಢಿಯಂತೆ ಮಾವಶಿ ಅನ್ನುತ್ತಿದ್ದಳು. ಬಾಗಿಲ ಹೊರಗೆ ಕುಂಡದಲ್ಲಿ ಮನಿಪ್ಲಾಂಟ್ ಬೆಳೆಸಿದ್ದಳು. ಕೊಂಡು ತಂದರೆ ಅದು ಹಬ್ಬುವುದಿಲ್ಲವಂತೆ, ಕದ್ದು ತಂದರೆ ಮನೆಗೆ ದುಡ್ಡು ಬರುತ್ತದಂತೆ. ಮದುವೆ ಹಾಲಿನಲ್ಲಿ ಒಂದು ತುಂಡು ಮುರಿದು ಪರ್ಸಿನಲ್ಲಿಟ್ಟು ತಂದೆ ಎಂದು ತಾನೇ ಹೇಳಿದ್ದಳು. ಕಳವನ್ನು ಹೆಮ್ಮೆಯಿಂದ ಹೇಳುವವರನ್ನು ನಾನು ಅಲ್ಲೇ ಮೊದಲು ನೋಡಿದ್ದು.

ನಾವು ವಾಸವಿದ್ದ ಶೆಡ್ಡಿನ ತಗಡಿನ ಮೇಲೆ ಹೀರೆಬಳ್ಳಿ ಇತ್ತು. ಅದರಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹುಳ ಬಂದು ಗಂಡು ಹೂವಿನ ಪುಡಿ ಮುಟ್ಟಿಸದಿದ್ದರೆ ಹೆಣ್ಣು ಹೂವಿನ ಹಿಂದಿನ ಮಿಡಿ ಹಳದಿಯಾಗಿ ಉದುರುತ್ತದೆ. ಮನಿಪ್ಲಾಂಟಿಗೆ ಆ ತಾಪತ್ರಯವೇ ಇಲ್ಲ. ಕುಂಡದಲ್ಲಿ ಅದು ಹೂವೂ ಬಿಡುವುದಿಲ್ಲ, ಬೀಜವೂ ಕೊಡುವುದಿಲ್ಲ. ಗೆಣ್ಣಿರುವ ತುಂಡನ್ನು ನೀರಿಗೆ ಹಾಕಿದರೆ ಬೇರು ಬಿಡುತ್ತದೆ. ಕದ್ದವರು ಹಾಕಿದರೂ ಅಷ್ಟೇ, ಕೊಂಡವರು ಹಾಕಿದರೂ ಅಷ್ಟೇ.

ಆ ವರ್ಷ ವೈನಿಯ ಗಂಡನಿಗೆ ಪ್ರಮೋಷನ್ ತಪ್ಪಿತು. ಆಕೆ ಹೋಗಿ ಬಳ್ಳಿ ನೋಡಿದಳು. ಮೂರು ಕಡೆ ಕತ್ತರಿಸಿದ ಗುರುತು. ಆ ಮೂರೂ ಕಡೆ ಹೊಸ ಚಿಗುರು ಬಂದಿತ್ತು, ಅದು ಆಕೆಯ ಕಣ್ಣಿಗೆ ಬೀಳಲಿಲ್ಲ. ನಾನು ಕೆಲಸ ಮಾಡುವ ಉಳಿದ ಮೂರು ಮನೆಯವರನ್ನು ಕರೆದು, ಅವರೆದುರು ನನ್ನನ್ನು ನಿಲ್ಲಿಸಿದಳು.

"ಮಾವಶಿ, ಖರೇ ಹೇಳು. ಕತ್ತರಿಸಿ ಯಾರಿಗೆ ಕೊಟ್ಟಿ? ನಮ್ಮನಿ ಲಕ್ಷ್ಮೀನ ಹೊತ್ಕೊಂಡ್ ಹೋದೆಲ್ಲ."

ಕಳ್ಳಿ ಎಂಬ ಹೆಸರು ಬಂದರೆ ನಾಲ್ಕೂ ಮನೆ ಹೋಗುತ್ತವೆ. ನಿಜ ಹೇಳಿದರೂ ಹೋಗುತ್ತವೆ. ಯಾಕೆಂದರೆ ಆ ತುಂಡುಗಳು ಈ ಮೂವರ ಅಡುಗೆಮನೆ ಕಿಟಕಿಯಲ್ಲೇ ಬಾಟಲಿಗಳಲ್ಲಿದ್ದವು. ನೀರು ಬದಲಿಸುತ್ತಿದ್ದವಳು ನಾನು. ಹೇಗೂ ಹೋಗುವುದಾದರೆ ಕಳ್ಳಿಯಾಗಿ ಯಾಕೆ ಹೋಗಲಿ?

"ವೈನಿ, ಮೂರೂ ಮನಿ ಕಿಡಕ್ಯಾಗ ನೋಡಿ ಬರ್ರಿ," ಅಂದೆ. ಉಳಿದವರಿಗೂ ತಿಳಿಯಲೆಂದು ಅದನ್ನೇ ಮರಾಠಿಯಲ್ಲೂ ಹೇಳಿದೆ.

ಎದುರುಮನೆಯಾಕೆ ತನ್ನದು ನರ್ಸರಿಯಲ್ಲಿ ಕೊಂಡದ್ದು ಎಂದಳು. ಉಳಿದಿಬ್ಬರು ಆಕೆಯನ್ನು ಅಯ್ಯೋ ಪಾಪ ಎಂಬಂತೆ ನೋಡಿದರು. ಕೊಂಡದ್ದರಿಂದ ದುಡ್ಡು ಬರುವುದಿಲ್ಲವಲ್ಲ. ಆಕೆ ಮತ್ತೆ ನರ್ಸರಿಯ ಮಾತೆತ್ತಲಿಲ್ಲ.

ವೈನಿಗೆ ನೆರೆಯವರ ಜೊತೆ ಕೆಡಿಸಿಕೊಳ್ಳುವ ಧೈರ್ಯವಿರಲಿಲ್ಲ. "ಅವರು ಒಳ್ಳೆ ಮನಿ ಹೆಣ್ಮಕ್ಕಳು. ಒಂದ್ ತುಂಡ ತಗೊಂಡ್ರ ಅದಕ್ಕ ಕಳವು ಅಂತಾರೇನು?" ಅಂದಳು.

"ನಾ ತಗೊಂಡಿದ್ರ ಅಂತಿದ್ರಿ."

ಸಂಜೆಯೊಳಗೆ ನಾಲ್ಕೂ ಮನೆಯವರು ನಾಳೆಯಿಂದ ಬರಬೇಡ ಎಂದು ಹೇಳಿ ಕಳಿಸಿದರು.

ಮರುದಿನ ಬೆಳಿಗ್ಗೆ ರಸ್ತೆಯಾಚೆಯ ಕಟ್ಟಡದ ವಾಚ್‌ಮನ್ ಬಳಿ ಹೋಗಿ, ಯಾವ ಮನೆಗೆ ಪಾತ್ರೆ ತೊಳೆಯುವವಳು ಬೇಕು ಎಂದು ಕೇಳಿದೆ.